ಬಿರುಕಿನ ಲೆಕ್ಕ ಬರೆದ ಅಲನ್ ಆರ್ನಲ್ಡ್ ಗ್ರಿಫಿತ್

ಈ ಸಲದ ವ್ಯಕ್ತಿ ಪರಿಚಯದಲ್ಲಿ ಸಾಹಿತಿಗಳಿಲ್ಲ, ಸಂತರಿಲ್ಲ, ಗಡಿ ಹೋರಾಟಗಾರರೂ ಇಲ್ಲ. ಇರುವವರು ಒಬ್ಬ ಇಂಗ್ಲಿಷ್ ಎಂಜಿನಿಯರು. ಅವರು ಕರ್ನಾಟಕಕ್ಕೆ ಬಂದವರಲ್ಲ, ಕನ್ನಡಕ್ಕೂ ಅವರಿಗೂ ನೇರ ನಂಟಿಲ್ಲ. ಆದರೂ ಅವರ ಲೆಕ್ಕ ನಮ್ಮ ಊರುಗಳ ಮಗ್ಗುಲಲ್ಲೇ ದಿನವೂ ಕೆಲಸ ಮಾಡುತ್ತಿದೆ. ಮಕ್ತಲ್, ನಾರಾಯಣಪೇಟೆ ಕಡೆಯಿಂದ ಕೃಷ್ಣಾ ಸೇತುವೆ ದಾಟಿ ರಾಯಚೂರಿಗೆ ಬರುವವರಿಗೆ ಶಕ್ತಿನಗರದ ಚಿಮಣಿಗಳು ಪರಿಚಿತ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ತಮ್ಮ ಜಿಲ್ಲೆಯ ಉಷ್ಣ ವಿದ್ಯುತ್ ಸ್ಥಾವರ ಗೊತ್ತು. ಆ ಚಿಮಣಿಗಳ ಕೆಳಗೆ 540 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಕಾದ ಹಬೆ, ಭಾರೀ ಒತ್ತಡದಲ್ಲಿ, ಉಕ್ಕಿನ ಕೊಳವೆಗಳೊಳಗೆ ಹಗಲೂ ರಾತ್ರಿ ಓಡುತ್ತಿರುತ್ತದೆ. ಅಂಥ ಕೊಳವೆಯ ಒಂದು ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು ಎನ್ನಿ. ಸ್ಥಾವರವನ್ನು ಇವತ್ತೇ ನಿಲ್ಲಿಸಬೇಕೆ, ಮುಂದಿನ ವರ್ಷದ ದುರಸ್ತಿಯವರೆಗೆ ಓಡಿಸಬಹುದೆ? ನಿಲ್ಲಿಸಿದರೆ ಊರೂರಿಗೆ ಕತ್ತಲು. ಓಡಿಸಿ ತಪ್ಪಿದರೆ ಅಲ್ಲಿ ದುಡಿಯುವವರ ಪ್ರಾಣ. ಈ ಪ್ರಶ್ನೆಗೆ ಅಂದಾಜಿನ ಬದಲು ಲೆಕ್ಕದಿಂದ ಉತ್ತರ ಹೇಳುವ ದಾರಿಗೆ ಮೊದಲ ಕಲ್ಲು ಇಟ್ಟವರು ಅಲನ್ ಆರ್ನಲ್ಡ್ ಗ್ರಿಫಿತ್.

ಅವರು ಹುಟ್ಟಿದ್ದು 1893ರ ಜೂನ್ 13ರಂದು, ಲಂಡನ್ನಿನಲ್ಲಿ. ತಂದೆ ಜಾರ್ಜ್ ಗ್ರಿಫಿತ್ ಪತ್ರಕರ್ತರು, ಊರೂರು ಸುತ್ತುವವರು, ಆ ಕಾಲಕ್ಕೆ ಹೆಸರು ಮಾಡಿದ ವಿಜ್ಞಾನ ಕಾದಂಬರಿಕಾರರು. ಮಗ ಹುಟ್ಟಿದ ವರ್ಷವೇ ಅವರ ಬಹು ಪ್ರಸಿದ್ಧ ಕಾದಂಬರಿ 'ದಿ ಏಂಜೆಲ್ ಆಫ್ ದಿ ರೆವಲ್ಯೂಷನ್' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆಕಾಶದಲ್ಲಿ ಹಾರುವ ಯುದ್ಧನೌಕೆಗಳ ಕಥೆ ಅದು. ರೈಟ್ ಸಹೋದರರ ವಿಮಾನ ಹಾರಲು ಇನ್ನೂ 10 ವರ್ಷ ಇತ್ತು. ಮರುವರ್ಷ ಜಾರ್ಜ್ ಸುಮಾರು 65 ದಿನಗಳಲ್ಲಿ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದರು. ಅಪ್ಪ ಕಾಗದದ ಮೇಲೆ ಹಾರಿಸಿದ್ದನ್ನು ಮಗ ಉಕ್ಕಿನಲ್ಲಿ ಹಾರಿಸಿದ ಎಂದು ಬರೆದುಬಿಡುವ ಆಸೆ ನಮಗೂ ಆಯಿತು. ಆದರೆ ಬದುಕು ಅಷ್ಟು ಸಲೀಸಾಗಿ ಹೊಂದಿಕೊಳ್ಳುವುದಿಲ್ಲ. 1906ರಲ್ಲಿ, ಮಗನಿಗೆ 13 ತುಂಬುವ ಹೊತ್ತಿಗೆ, ತಂದೆ ತೀರಿಕೊಂಡರು. ಹುಡುಗನ ಓದು ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಊರಿನ ಶಾಲೆಯಲ್ಲಿ ಸಾಗಿತು. ಅಲ್ಲಿಂದ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1914ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು.

1915ರಲ್ಲಿ ಅವರು ಫಾರ್ನ್‌ಬರೋ ಊರಿನ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಗೆ ತರಬೇತಿಗೆ ಸೇರಿದರು. ಮರ, ಬಟ್ಟೆ, ತಂತಿ ಸೇರಿಸಿ ವಿಮಾನ ಕಟ್ಟುತ್ತಿದ್ದ ಕಾಲ. ಅಲ್ಲಿ ಅವರ ಜೊತೆಗಾರರಾದವರು ಜಿ. ಐ. ಟೇಲರ್, ಮುಂದೆ ದ್ರವಗಳ ಚಲನೆಯ ಅಧ್ಯಯನದಲ್ಲಿ ಬಹಳ ದೊಡ್ಡ ಹೆಸರಾದವರು. ಇಬ್ಬರಿಗೂ ಒಂದು ತೊಡಕು ಎದುರಾಯಿತು: ಪ್ರೊಪೆಲ್ಲರಿನಂಥ ಅಂಕುಡೊಂಕು ಆಕಾರದ ಭಾಗವನ್ನು ತಿರುಚಿದರೆ ಅದರೊಳಗೆ ಎಲ್ಲೆಲ್ಲಿ ಎಷ್ಟೆಷ್ಟು ಒತ್ತಡ ಬೀಳುತ್ತದೆ? ಸಮೀಕರಣ ಗೊತ್ತಿತ್ತು, ಬಿಡಿಸುವುದು ಕಷ್ಟವಿತ್ತು. ಅವರು ತಗಡಿನಲ್ಲಿ ಅದೇ ಆಕಾರದ ತೂತು ಕೊರೆದು, ಅದರ ಮೇಲೆ ಸೋಪಿನ ಪೊರೆ ಹಿಡಿಸಿ, ಕೆಳಗಿನಿಂದ ತುಸು ಗಾಳಿ ಕೊಟ್ಟು ಉಬ್ಬಿಸಿದರು. ಪೊರೆ ಎಲ್ಲಿ ಕಡಿದಾಗಿ ಇಳಿಯುತ್ತದೋ ಅಲ್ಲಿ ಒತ್ತಡ ಹೆಚ್ಚು. ಸೋಪಿನ ಪೊರೆಗೂ ತಿರುಚಿದ ಸಲಾಕೆಗೂ ಸಮೀಕರಣ ಒಂದೇ. ಈ ನಂಟನ್ನು ಜರ್ಮನಿಯ ಪ್ರಾಂಟ್ಲ್ ಮೊದಲೇ ತೋರಿಸಿದ್ದರು. ಅದನ್ನು ಕಾರ್ಖಾನೆಯ ಕೆಲಸಕ್ಕೆ ಇಳಿಸಿದವರು ಇವರಿಬ್ಬರು. 1917ರ ಆ ಪ್ರಬಂಧಕ್ಕೆ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಚಿನ್ನದ ಪದಕ ಸಿಕ್ಕಿತು. ಮಕ್ಕಳು ಆಡುವ ಸೋಪಿನ ಗುಳ್ಳೆ ವಿಮಾನದ ಲೆಕ್ಕ ಮಾಡಿಕೊಟ್ಟಿತು.

ಇನ್ನು ಬಿರುಕಿನ ವಿಚಾರ. ಯುದ್ಧದ ಎಂಜಿನ್ನುಗಳ ದಂಡಗಳು ಬೇಗ ಮುರಿಯುತ್ತಿದ್ದವು. ಮೇಲ್ಮೈಯನ್ನು ನಯವಾಗಿ ಉಜ್ಜಿ ಹೊಳಪು ಕೊಟ್ಟರೆ ಹೆಚ್ಚು ಬಾಳುತ್ತವೆ, ಗೀರು ಬಿದ್ದರೆ ಬೇಗ ಹೋಗುತ್ತವೆ ಎಂಬುದು ಅನುಭವದ ಮಾತಾಗಿತ್ತು. 1913ರಲ್ಲಿ ಇಂಗ್ಲಿಸ್ ಎಂಬವರು ಹಡಗಿನ ತಗಡುಗಳ ವಿಚಾರದಲ್ಲಿ ಒಂದು ಲೆಕ್ಕ ತೋರಿಸಿದ್ದರು. ತಗಡಿನಲ್ಲಿ ಮೊಟ್ಟೆಯಾಕಾರದ ತೂತು ಇದ್ದರೆ ಅದರ ಚೂಪು ತುದಿಯಲ್ಲಿ ಎಳೆತ ಹಲವು ಪಟ್ಟು ಹೆಚ್ಚುತ್ತದೆ. ತೂತು ಸಪುರವಾದಷ್ಟೂ ಹೆಚ್ಚು. ಆದರೆ ಆ ಲೆಕ್ಕದಲ್ಲಿ ಒಂದು ವಿಚಿತ್ರವಿತ್ತು. ಅದರ ಪ್ರಕಾರ ಎಣಿಕೆಗೆ ಬರುವುದು ಗೀರಿನ ಆಕಾರ, ಗಾತ್ರವಲ್ಲ. ಒಂದು ಅಂಗುಲದ ಸೀಳೂ ಕಣ್ಣಿಗೆ ಕಾಣದ ಗೀರೂ ಒಂದೇ ಆಕಾರದ್ದಾದರೆ ಹಾನಿಯೂ ಒಂದೇ ಆಗಬೇಕು. ಹಾಗಾಗುವುದಿಲ್ಲ ಎಂದು ಯಾವ ಕಮ್ಮಾರನಾದರೂ ಹೇಳುತ್ತಾನೆ. ಈ ವಿಚಿತ್ರವನ್ನು ಗ್ರಿಫಿತ್ ಹಾಗೇ ಬಿಡಲಿಲ್ಲ.

ಅವರು ಒತ್ತಡವನ್ನು ಬಿಟ್ಟು ಶಕ್ತಿಯ ಜಮಾ-ಖರ್ಚು ಬರೆದರು. ಎಳೆದು ಹಿಡಿದ ವಸ್ತುವಿನಲ್ಲಿ, ಹಿಗ್ಗಿಸಿದ ರಬ್ಬರಿನಲ್ಲಿರುವಂತೆ, ಶಕ್ತಿ ತುಂಬಿರುತ್ತದೆ. ಬಿರುಕು ಮುಂದೆ ಸರಿದರೆ ಅದರ ಆಚೀಚೆಯ ಭಾಗ ಸಡಿಲಗೊಂಡು ಆ ಶಕ್ತಿ ಬಿಡುಗಡೆಯಾಗುತ್ತದೆ; ಅದು ಜಮಾ. ಬಿರುಕು ಮುಂದೆ ಸರಿಯಬೇಕಾದರೆ ಹೊಸದಾಗಿ ಎರಡು ಮೇಲ್ಮೈ ಹುಟ್ಟಬೇಕು, ಅಣುಗಳ ಹಿಡಿತ ಬಿಡಿಸಬೇಕು, ಅದು ಖರ್ಚು. ಖರ್ಚು ಬಿರುಕಿನ ಉದ್ದಕ್ಕೆ ತಕ್ಕಂತೆ ಏರುತ್ತದೆ, ಜಮಾ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಚಿಕ್ಕ ಬಿರುಕಿಗೆ ಮುಂದೆ ಹೋಗುವುದು ನಷ್ಟದ ಬಾಬತ್ತು, ಅದು ಸುಮ್ಮನಿರುತ್ತದೆ. ಒಂದು ಉದ್ದ ದಾಟಿದರೆ ಮುಂದೆ ಹೋದಷ್ಟೂ ಲಾಭ. ಆಮೇಲೆ ಅದನ್ನು ತಡೆಯುವವರಿಲ್ಲ. ಬಟ್ಟೆ ಅಂಗಡಿಯವರು ಕತ್ತರಿಯಿಂದ ಅಂಚಿಗೊಂದು ಸಣ್ಣ ಕಚ್ಚು ಹಾಕಿ ಆಮೇಲೆ ಕೈಯಿಂದ ಸರ್ರನೆ ಹರಿಯುವುದನ್ನು ಸೊಲ್ಲಾಪುರದವರಿಗೆ ನಾವು ವಿವರಿಸಬೇಕಿಲ್ಲ.

ಲೆಕ್ಕವನ್ನು ಪರೀಕ್ಷಿಸಲು ಅವರು ಗಾಜನ್ನು ಆರಿಸಿದರು. ಲೋಹ ಬಾಗುತ್ತದೆ, ಜಗ್ಗುತ್ತದೆ, ಲೆಕ್ಕ ಕೆಡಿಸುತ್ತದೆ, ಗಾಜು ಹಾಗಲ್ಲ. ಗಾಜಿನ ಬುರುಡೆ, ಕೊಳವೆಗಳಲ್ಲಿ ಬೇಕಾದ ಉದ್ದದ ಬಿರುಕು ಮಾಡಿ, ಒಳಗೆ ಒತ್ತಡ ಏರಿಸಿ ಒಡೆದು ನೋಡಿದರು. ಒಡೆಯುವಾಗಿನ ಎಳೆತವನ್ನು ಬಿರುಕಿನ ಉದ್ದದ ವರ್ಗಮೂಲದಿಂದ ಗುಣಿಸಿದರೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂತು. ಆಮೇಲೆ ಇನ್ನೊಂದು ಕೆಲಸ. ಬಿರುಕೇ ಇಲ್ಲದ ಗಾಜು ಎಷ್ಟು ಗಟ್ಟಿ ಇರಬೇಕು? ಗಾಜನ್ನು ಕರಗಿಸಿ ಸಪುರ ಎಳೆಗಳನ್ನು ಎಳೆದು ಒಂದೊಂದನ್ನೂ ಹರಿದು ನೋಡಿದರು. ದಪ್ಪ ಎಳೆ ಚದರ ಮಿಲಿಮೀಟರಿಗೆ ಸುಮಾರು 17 ಕಿಲೋ ತೂಕ ತಡೆಯಿತು. ಸಪುರವಾದಂತೆ ಬಲ ಏರುತ್ತಾ ಹೋಯಿತು. ಕೂದಲಿನ ಇಪ್ಪತ್ತನೇ ಒಂದು ಭಾಗದಷ್ಟು ಸಪುರವಾದಾಗ ಅದೇ ಗಾಜು ಚದರ ಮಿಲಿಮೀಟರಿಗೆ ಸುಮಾರು 340 ಕಿಲೋ ಲೆಕ್ಕಕ್ಕೆ ತಡೆಯಿತು. ಗಾಜು ದುರ್ಬಲವಲ್ಲ, ಅದರ ಮೈಮೇಲಿನ ಕಾಣದ ಬಿರುಕುಗಳು ಅದನ್ನು ದುರ್ಬಲ ಮಾಡುತ್ತವೆ. ಇವತ್ತಿನ ಫೈಬರ್‌ಗ್ಲಾಸ್ ನೀರಿನ ತೊಟ್ಟಿಯಲ್ಲೂ ಈ ಮಾತೇ ಇದೆ.

1920ರಲ್ಲಿ ಈ ಪ್ರಬಂಧವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದರು, 1921ರಲ್ಲಿ ಅಚ್ಚಾಯಿತು. 1924ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಸಮ್ಮೇಳನದಲ್ಲಿ ಮತ್ತೆ ಮಂಡಿಸಿದರು. ಎಂಜಿನಿಯರುಗಳು ಹೆಚ್ಚೇನೂ ಕಿವಿಗೊಡಲಿಲ್ಲ. ಅವರಿಗೆ ಬೇಕಿದ್ದದ್ದು ಉಕ್ಕು. ಗಾಜಿನ ಎಳೆ ಯಾರಿಗೆ ಬೇಕು? ಅದಕ್ಕಿಂತ ಬೇಸರದ ಸಂಗತಿ ಫಾರ್ನ್‌ಬರೋದಲ್ಲೇ ನಡೆಯಿತು. ಜೆ. ಇ. ಗಾರ್ಡನ್ ತಮ್ಮ ಪುಸ್ತಕದಲ್ಲಿ ಹೇಳುವ ಕಥೆ ಇದು. ಗ್ರಿಫಿತ್ ಅವರ ಸಹಾಯಕರಾಗಿದ್ದ ಲಾಕ್‌ಸ್ಪೈಸರ್ ಒಂದು ಸಂಜೆ ಗಾಜು ಕರಗಿಸುವ ಅನಿಲದ ಉರಿಯನ್ನು ಆರಿಸಲು ಮರೆತರು. ರಾತ್ರಿ ಬೆಂಕಿ ಹತ್ತಿತು. ವಿಚಾರಣೆ ಆಯಿತು. ಇನ್ನು ಈ ಗಾಜಿನಾಟ ಸಾಕು ಎಂದು ಅಪ್ಪಣೆಯಾಯಿತು, ಗ್ರಿಫಿತ್ ಅವರನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಲಾಕ್‌ಸ್ಪೈಸರ್ ಮುಂದೆ ಸರ್ ಪದವಿ ಪಡೆದು ದೊಡ್ಡ ವಿಜ್ಞಾನಾಧಿಕಾರಿಯಾದರು, ಅದು ಬೇರೆ ಮಾತು. ಬಿರುಕಿನ ವಿಜ್ಞಾನ ಮಾತ್ರ ಸುಮಾರು 25 ವರ್ಷ ಕಪಾಟಿನಲ್ಲಿ ಕೂತಿತು.

ಬೇರೆ ಕೆಲಸ ಎಂದರೆ ಎಂಜಿನ್ನು. 1926ರಲ್ಲಿ ಗ್ರಿಫಿತ್ ಟರ್ಬೈನಿನ ಬಗ್ಗೆ ಒಂದು ವರದಿ ಬರೆದರು. ಆ ಕಾಲದ ಟರ್ಬೈನುಗಳಲ್ಲಿ ಎಲೆಗಳ ಆಕಾರ ಸರಿಯಿರಲಿಲ್ಲ. ಗಾಳಿ ಅವುಗಳ ಮೈಬಿಟ್ಟು ಸುಳಿಸುತ್ತಿ ನಷ್ಟವಾಗುತ್ತಿತ್ತು. ಒಂದೊಂದು ಎಲೆಯನ್ನೂ ವಿಮಾನದ ರೆಕ್ಕೆಯ ಹಾಗೆ ಕಡೆದರೆ ನಷ್ಟ ಬಹಳ ಕಡಿಮೆಯಾಗುತ್ತದೆ, ಆಗ ವಿಮಾನಕ್ಕೆ ಗ್ಯಾಸ್ ಟರ್ಬೈನ್ ಕೂರಿಸಬಹುದು ಎಂದು ತೋರಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್. ಚಿಕ್ಕ ಮಾದರಿ ಮಾಡಿ ಪರೀಕ್ಷಿಸಿದಾಗ ಫಲ ಚೆನ್ನಾಗಿಯೇ ಬಂತು. 1928ರಲ್ಲಿ ಅವರನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿದ್ದ ವಾಯು ಸಚಿವಾಲಯದ ಪ್ರಯೋಗಾಲಯಕ್ಕೆ ಮುಖ್ಯಸ್ಥರನ್ನಾಗಿ ಕಳಿಸಿದರು.

ಅಲ್ಲಿಗೆ ಒಂದು ದಿನ 22-23ರ ಹರೆಯದ ವಾಯುಪಡೆಯ ಅಧಿಕಾರಿಯೊಬ್ಬ ಬಂದ. ಹೆಸರು ಫ್ರಾಂಕ್ ವಿಟ್ಲ್. ಪ್ರೊಪೆಲ್ಲರೇ ಬೇಡ, ಬಿಸಿ ಗಾಳಿಯನ್ನು ಹಿಂದಕ್ಕೆ ಚಿಮ್ಮಿಸಿ ವಿಮಾನವನ್ನು ಮುಂದಕ್ಕೆ ನೂಕಬಹುದು ಎಂಬುದು ಅವನ ವಿಚಾರ. ಗ್ರಿಫಿತ್ ಲೆಕ್ಕದಲ್ಲಿದ್ದ ತಪ್ಪು ತೋರಿಸಿದರು. ಊಹೆಗಳೆಲ್ಲ ಅತಿ ಆಶಾವಾದದವು, ಅಷ್ಟು ಬಿಸಿಯನ್ನೂ ವೇಗವನ್ನೂ ತಾಳುವ ಲೋಹವಿಲ್ಲ ಎಂಬ ಅಭಿಪ್ರಾಯ ಕೊಟ್ಟರು. ಸಚಿವಾಲಯ ಕೈಬಿಟ್ಟಿತು. ವಿಟ್ಲ್ 1930ರ ಜನವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1935ರಲ್ಲಿ ಅದನ್ನು ಮುಂದುವರಿಸಲು ಬೇಕಿದ್ದ 5 ಪೌಂಡ್ ಶುಲ್ಕ ಕಟ್ಟದೆ ಅದು ರದ್ದಾಯಿತು. 1937ರ ಏಪ್ರಿಲ್ 12ರಂದು ಅವರ ಎಂಜಿನ್ನು ಮೊದಲ ಸಲ ಓಡಿತು. ಅಷ್ಟರಲ್ಲಿ ಜರ್ಮನಿಯಲ್ಲಿ ಓಹೈನ್ ಅದೇ ದಾರಿಯಲ್ಲಿದ್ದರು, 1939ರ ಆಗಸ್ಟಿನಲ್ಲಿ ಅವರ ಜೆಟ್ ವಿಮಾನ ಹಾರಿಯೇಬಿಟ್ಟಿತು. ಬ್ರಿಟನ್ನಿನ ಜೆಟ್ ಹಾರಿದ್ದು 1941ರ ಮೇ ತಿಂಗಳಲ್ಲಿ.

ಗ್ರಿಫಿತ್ ಹೆಸರು ಬಂದಲ್ಲೆಲ್ಲ ಈ ಪ್ರಸಂಗ ಬರುತ್ತದೆ, ಹೊಟ್ಟೆಕಿಚ್ಚು ಎಂದವರೂ ಉಂಟು. ನಮಗೆ ಅಷ್ಟು ಕಠಿಣವಾಗಿ ಕಾಣುವುದಿಲ್ಲ. 1929ರಲ್ಲಿ ಅಂಥ ಲೋಹ ಇರಲಿಲ್ಲ ಎಂಬುದು ನಿಜ. ವಿಟ್ಲ್ ಅವರ ಮೊದಲ ಎಂಜಿನ್ನುಗಳ ಎಲೆಗಳು ಸ್ಟೇಬ್ಲೇಡ್ ಎಂಬ ಸ್ಟೇನ್‌ಲೆಸ್ ಸ್ಟೀಲಿನವು. ಬಿಸಿಯಲ್ಲಿ ಅವು ಪದೇಪದೇ ಕೈಕೊಟ್ಟವು. 1940ರ ದಶಕದ ಆರಂಭದಲ್ಲಿ ನಿಕ್ಕಲ್ ಆಧಾರದ ನಿಮೋನಿಕ್ ಬಂದ ಮೇಲೆಯೇ ಉಸಿರಾಡುವಂತಾಯಿತು. ಆದರೆ ಲೋಹ ಬರುವವರೆಗೆ ಕಾಯಬೇಕೆಂದು ಗ್ರಿಫಿತ್, ಲೋಹ ಬರುವಂತೆ ಮಾಡಬೇಕೆಂದು ವಿಟ್ಲ್. ತನ್ನ ಗಾಜಿನ ಕೆಲಸವನ್ನು ಮೇಲಿನವರು ನಿಲ್ಲಿಸಿದಾಗ ನೊಂದಿರಬಹುದಾದ ಮನುಷ್ಯ, ತಾನೇ ಮೇಲಿನ ಕುರ್ಚಿಯಲ್ಲಿ ಕೂತಾಗ ಇನ್ನೊಬ್ಬ ಹುಡುಗನ ಹೊಸ ವಿಚಾರಕ್ಕೆ ಇನ್ನಷ್ಟು ಬಾಗಿಲು ತೆರೆಯಬಹುದಿತ್ತು ಎಂದು ನಮಗೆ ಅನ್ನಿಸುತ್ತದೆ. ಅದರ ಜೊತೆಗೆ ಇದನ್ನೂ ಹೇಳಬೇಕು: ಇವತ್ತು ನಾವು ಹತ್ತುವ ವಿಮಾನಗಳ ಎಂಜಿನ್ನಿನೊಳಗೆ ಗಾಳಿ ಸಾಲುಸಾಲು ಎಲೆಗಳ ನಡುವೆ ನೇರವಾಗಿ ಹಾದುಹೋಗುತ್ತದೆ. ಅದು ಗ್ರಿಫಿತ್ ಹಿಡಿದ ದಾರಿ. ವಿಟ್ಲ್ ಬಳಸಿದ್ದು ಗಾಳಿಯನ್ನು ಹೊರಕ್ಕೆ ಬೀಸುವ ಚಕ್ರ.

1931ರಲ್ಲಿ ಫಾರ್ನ್‌ಬರೋಗೆ ಮರಳಿದರು. 1936ರಿಂದ ಹೇನ್ ಕಾನ್‌ಸ್ಟಂಟ್ ಜೊತೆ ಟರ್ಬೈನಿನ ಕೆಲಸ ಮತ್ತೆ ಕುದುರಿತು. 1939ರಲ್ಲಿ ರೋಲ್ಸ್-ರಾಯ್ಸ್ ಕಂಪನಿಯ ಅರ್ನೆಸ್ಟ್ ಹೈವ್ಸ್ ಅವರನ್ನು ಡರ್ಬಿಗೆ ಕರೆಸಿಕೊಂಡರು. ಒಬ್ಬರೇ ಕೂತು ಯೋಚಿಸಲು ಬಿಟ್ಟರು. ಗ್ರಿಫಿತ್ ಮಾತು ಕಡಿಮೆ ಆಡುವವರು, ಕಾಗದದ ಮೇಲೆ ಕೆಲಸ ಮಾಡುವವರು, ಕೈಕೆಲಸವನ್ನು ಇತರರಿಗೆ ಬಿಡುವವರು. ಅಲ್ಲಿ ಅವರ ಮೊದಲ ಕನಸು ಎಡವಿತು: ಒಂದು ಚಕ್ರ ಒಂದು ದಿಕ್ಕಿಗೆ, ಮಗ್ಗುಲದ್ದು ಎದುರು ದಿಕ್ಕಿಗೆ ತಿರುಗುವ, ಒಂದೇ ಚಕ್ರದ ಒಳಗಡೆ ಗಾಳಿ ಒತ್ತುವ ಎಲೆ, ಹೊರಗಡೆ ಟರ್ಬೈನಿನ ಎಲೆ ಇರುವ ಬಲು ಜಾಣ ಎಂಜಿನ್ನು. ಕಾಗದದ ಮೇಲೆ ಸೊಗಸಾಗಿತ್ತು, ಕಬ್ಬಿಣದಲ್ಲಿ ಸಂದುಸಂದಿನಲ್ಲೂ ಸೋರಿತು. ಕೈಬಿಟ್ಟರು. ಆಮೇಲೆ ಬಂದ ಏವನ್ ಎಂಜಿನ್ನು ಗೆದ್ದಿತು. 1947ರಲ್ಲಿ ಮೊದಲು ಓಡಿ, ಬಾಲಾರಿಷ್ಟಗಳನ್ನು ದಾಟಿ, ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು. ನಮ್ಮ ವಾಯುಪಡೆಯ ಹಂಟರ್ ಮತ್ತು ಕ್ಯಾನ್‌ಬೆರಾ ವಿಮಾನಗಳಲ್ಲಿ ಇದ್ದದ್ದು ಇದೇ. 1971ರ ಡಿಸೆಂಬರಿನಲ್ಲಿ ಲೋಂಗೆವಾಲಾದ ಮರಳಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದ ಹಂಟರುಗಳ ಕಥೆ ಕೇಳದವರು ಕಡಿಮೆ. ಇಂಡಿಯನ್ ಏರ್‌ಲೈನ್ಸಿನ ಕ್ಯಾರವೆಲ್ ವಿಮಾನಗಳಿಗೂ ಏವನ್ ಎಂಜಿನ್ನೇ. 1960ರಲ್ಲಿ ಏರ್ ಇಂಡಿಯಾಕ್ಕೆ ಬಂದ ಬೋಯಿಂಗ್ 707ಗಳಲ್ಲಿದ್ದ ಕಾನ್‌ವೇ ಎಂಜಿನ್ನಿನ ಹಿಂದೆಯೂ, ಗಾಳಿಯ ಒಂದು ಪಾಲನ್ನು ಉರಿಯಿಂದ ಹೊರಗೆ ಹಾಯಿಸುವ ಗ್ರಿಫಿತ್ ಅವರ ಹಳೆಯ ವಿಚಾರವಿತ್ತು.

ಬಿರುಕು ಮಾತ್ರ ಅವರ ಬೆನ್ನು ಬಿಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಬೆಸುಗೆ ಹಾಕಿ ಕಟ್ಟಿದ ಸುಮಾರು 2,700 ಲಿಬರ್ಟಿ ಹಡಗುಗಳಲ್ಲಿ ಬಹಳಷ್ಟಕ್ಕೆ ಬಿರುಕು ಬಿತ್ತು, ಕೆಲವು ತಣ್ಣೀರಿನಲ್ಲಿ ಎರಡು ತುಂಡಾದವು. ಆಗ ಅಮೆರಿಕದ ನೌಕಾ ಪ್ರಯೋಗಾಲಯದ ಜಾರ್ಜ್ ಅರ್ವಿನ್ 1921ರ ಪ್ರಬಂಧವನ್ನು ಕಪಾಟಿನಿಂದ ಇಳಿಸಿದರು. ಉಕ್ಕಿನಲ್ಲಿ ಬಿರುಕಿನ ತುದಿ ಜಗ್ಗುತ್ತದೆ, ಆ ಜಗ್ಗುವಿಕೆಗೆ ತಗಲುವ ಶಕ್ತಿಯನ್ನೂ ಖರ್ಚಿನ ಬಾಬತ್ತಿಗೆ ಸೇರಿಸಿದರೆ ಗ್ರಿಫಿತ್ ಲೆಕ್ಕ ಉಕ್ಕಿಗೂ ಕೂರುತ್ತದೆ ಎಂದು ತೋರಿಸಿದರು. 1954ರ ಜನವರಿ ಮತ್ತು ಏಪ್ರಿಲಿನಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಇಟಲಿಯ ಸಮುದ್ರದ ಮೇಲೆ ಛಿದ್ರವಾದಾಗ, ಕಾರಣ ಹುಡುಕಲು ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದ್ದು ಫಾರ್ನ್‌ಬರೋದಲ್ಲಿ. ಕಂಡಿದ್ದು ತಗಡಿನ ತೆರಪುಗಳ ಮೂಲೆಯಿಂದ ಹೊರಟ ಬಿರುಕು. ಗಾಜಿನಾಟ ಸಾಕು ಎಂದಿದ್ದ ಆವರಣವೇ ಅದು.

ನಮ್ಮ ದೇಶಕ್ಕೂ ಈ ಪಾಠ ಕಹಿಯಾಗಿಯೇ ಬಂತು. 1976ರ ಅಕ್ಟೋಬರ್ 12ರಂದು ಮುಂಬಯಿಯಿಂದ ಮದರಾಸಿಗೆ ಹೊರಟ ಕ್ಯಾರವೆಲ್ ವಿಮಾನದ ಎಂಜಿನ್ನು ಮೇಲೇರುತ್ತಿದ್ದಂತೆ ಸಿಡಿದು ಬೆಂಕಿ ಹತ್ತಿತು. ವಿಮಾನದಲ್ಲಿದ್ದ 95 ಮಂದಿಯೂ ಉಳಿಯಲಿಲ್ಲ. ಎಂಜಿನ್ನಿನ ಗಾಳಿ ಒತ್ತುವ ಭಾಗದ ಒಂದು ತಟ್ಟೆಯಲ್ಲಿ ಲೋಹದ ದಣಿವಿನಿಂದ ಬೆಳೆದ ಬಿರುಕು ಇದಕ್ಕೆ ಕಾರಣವಾಗಿತ್ತು.

ಇಲ್ಲಿಯವರೆಗೆ ಹೇಳಿದ್ದು ತಣ್ಣಗಿನ ಲೋಹದ ಬಿರುಕು. ಶಕ್ತಿನಗರದ ಕೊಳವೆ ತಣ್ಣಗಿಲ್ಲ. ಬಿಸಿಯಲ್ಲಿ ಲೋಹ ಇನ್ನೊಂದು ಬುದ್ಧಿ ತೋರಿಸುತ್ತದೆ: ಹೊರೆ ಹೆಚ್ಚದಿದ್ದರೂ, ಅಷ್ಟೇ ಇದ್ದರೂ, ದಿನದಿನಕ್ಕೆ ಕೊಂಚಕೊಂಚ ಜಗ್ಗುತ್ತದೆ. ಪುಸ್ತಕ ತುಂಬಿದ ಹಲಗೆ ವರ್ಷಗಳಲ್ಲಿ ಬಾಗುವ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರೀಪ್ ಎನ್ನುತ್ತಾರೆ. ತೆವಳುವುದು ಎಂದು ಅರ್ಥ. ಜಗ್ಗು ಎಂಬ ನಮ್ಮ ಮಾತು ಇದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಕಾರ್ಖಾನೆಯಲ್ಲಿ ಎಲ್ಲರೂ ಕ್ರೀಪ್ ಎಂದೇ ಹೇಳುವುದರಿಂದ ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. 316 ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 500 ಡಿಗ್ರಿ ದಾಟಿದ ಮೇಲೆ ಇದು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಸಂಗತಿ. ಅಂಥ ಉಕ್ಕಿನಲ್ಲಿ ಮೊದಲೇ ಒಂದು ಬಿರುಕಿದ್ದರೆ ಅದು ಗಾಜಿನ ಹಾಗೆ ಸರಕ್ಕನೆ ಓಡುವುದಿಲ್ಲ. ಬಿರುಕಿನ ತುದಿಯ ಮುಂದೆ ಲೋಹ ಜಗ್ಗಿ, ಅದರ ಹರಳುಗಳ ನಡುವಿನ ಗಡಿಗಳಲ್ಲಿ ಕಾಣದಷ್ಟು ಸಣ್ಣ ಗುಳಿಗಳು ಹುಟ್ಟಿ, ಅವು ಒಂದಕ್ಕೊಂದು ಸೇರಿ, ಬಿರುಕು ತಿಂಗಳಿಗೆ ಇಷ್ಟು ಎಂದು ಮುಂದೆ ತೆವಳುತ್ತದೆ. ಗಡಿಯಲ್ಲೇ ಮೊದಲು ಬಿಡುವುದು. ಗಡಿನಾಡಿನ ನಮಗೆ ಇದು ವಿಶೇಷವೇನಲ್ಲ.

ಇದನ್ನು ಅಳೆಯುವ ಪರೀಕ್ಷೆ ನೋಡಲು ಬಹಳ ಸಾದಾ. ಅಂಗೈಯಷ್ಟು ಅಗಲದ, ಒಂದು ಅಂಗುಲ ದಪ್ಪದ ಚೌಕ ಉಕ್ಕಿನ ತುಂಡು. ಅದಕ್ಕೆ ಎರಡು ತೂತು, ಒಂದು ಅಂಚಿನಿಂದ ಒಳಕ್ಕೆ ಹೋಗುವ ಕಚ್ಚು, ಕಚ್ಚಿನ ತುದಿ ಬಹಳ ಚೂಪು. ಬಿರುಕು ಅಡ್ಡದಾರಿ ಹಿಡಿಯದಂತೆ ಎರಡೂ ಮಗ್ಗುಲಲ್ಲಿ ತೆಳ್ಳನೆ ಕಾಲುವೆ ಕೊರೆದಿರುತ್ತಾರೆ. ತೂತುಗಳಿಗೆ ಪಿನ್ನು ಹಾಕಿ ಕುಲುಮೆಯೊಳಗೆ ನೇತುಹಾಕಿ, ಸನ್ನೆಗೋಲಿನ ತುದಿಗೆ ತೂಕ ಇಡುತ್ತಾರೆ. 550 ಡಿಗ್ರಿ ಎಂದರೆ 550 ಡಿಗ್ರಿಯೇ. ಒಂದೆರಡು ಡಿಗ್ರಿಗಿಂತ ಆಚೀಚೆ ಆಗಬಾರದು, ಏಕೆಂದರೆ ಕ್ರೀಪಿನ ವೇಗ ಬಿಸಿಯ ಸಣ್ಣ ಏರಿಕೆಗೂ ಬಹಳ ಏರುತ್ತದೆ. ಕುಲುಮೆಯೊಳಗಿನ ಬಿರುಕನ್ನು ಕಣ್ಣಿನಿಂದ ನೋಡಲಾಗದು. ಹಾಗಾಗಿ ತುಂಡಿನ ಮೂಲಕ ಒಂದೇ ಸಮನೆ ವಿದ್ಯುತ್ ಹರಿಸುತ್ತಾರೆ. ಬಿರುಕು ಬೆಳೆದಂತೆ ವಿದ್ಯುತ್ತಿಗೆ ಉಳಿದ ದಾರಿ ಕಿರಿದಾಗಿ ವೋಲ್ಟೇಜು ಒಂದಿಷ್ಟು ಏರುತ್ತದೆ. ಅದರಿಂದ ಉದ್ದ ತಿಳಿಯುತ್ತದೆ. ಕಚ್ಚಿನ ಬಾಯಿ ಎಷ್ಟು ವೇಗದಲ್ಲಿ ತೆರೆಯುತ್ತಿದೆ ಎಂದು ಇನ್ನೊಂದು ಉಪಕರಣ ಬರೆದುಕೊಳ್ಳುತ್ತದೆ. ಹೊರೆ, ತೆರೆಯುವ ವೇಗ, ಉಳಿದ ಉಕ್ಕು, ಇವನ್ನು ಸೇರಿಸಿ ಸಿ-ಸ್ಟಾರ್ ಎಂಬ ಒಂದು ಅಳತೆ ತೆಗೆಯುತ್ತಾರೆ. ಗ್ರಿಫಿತ್ ಬರೆದ ಶಕ್ತಿಯ ಖಾತೆಯೇ ಇದು. ಇಲ್ಲಿ ಮಾತ್ರ ಗಂಟೆಗೆ ಇಷ್ಟು ಎಂಬ ಲೆಕ್ಕದಲ್ಲಿರುತ್ತದೆ. ಬಿರುಕಿನ ವೇಗ ಈ ಅಳತೆಗೆ ತಕ್ಕಂತೆ ಏರುತ್ತದೆ ಎಂಬುದು 1970ರ ದಶಕದಲ್ಲಿ ಅಮೆರಿಕದಲ್ಲೂ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲೂ ಹೊರಬಂತು. ಇಂಪೀರಿಯಲ್ ಕಾಲೇಜು ಇರುವುದು ಸೌತ್ ಕೆನ್ಸಿಂಗ್ಟನ್ನಿನಲ್ಲಿ, ಗ್ರಿಫಿತ್ ವಿಟ್ಲ್ ಅವರನ್ನು ಬರಿಗೈಯಲ್ಲಿ ಕಳಿಸಿದ ಅದೇ ಬಡಾವಣೆಯಲ್ಲಿ.

ಕಷ್ಟ ಇರುವುದು ಕಾಲದಲ್ಲಿ. ಸ್ಥಾವರ ನಡೆಯಬೇಕಾದದ್ದು 30 ವರ್ಷ, ಅಂದರೆ 2,60,000 ಗಂಟೆ. ಪರೀಕ್ಷೆಯನ್ನು ಅಷ್ಟು ಹೊತ್ತು ಯಾರು ನಡೆಸುತ್ತಾರೆ? 10,000 ಗಂಟೆಯ ಪರೀಕ್ಷೆ ಎಂದರೇ ಸುಮಾರು 14 ತಿಂಗಳು. ಅವಸರಕ್ಕೆ ಹೊರೆ ಹೆಚ್ಚಿಸಿ ಕೆಲವು ವಾರಗಳಲ್ಲಿ ಮುಗಿಸಬಹುದು. ಆದರೆ ಹಾಗೆ ಮಾಡಿದರೆ ಉಕ್ಕು ಬೇರೆಯೇ ರೀತಿ ವರ್ತಿಸುತ್ತದೆ: ಚೆನ್ನಾಗಿ ಜಗ್ಗಿ, ಬಿರುಕಿನ ತುದಿ ಮೊಂಡಾಗಿ, ಬಿರುಕು ನಿಧಾನ ಮಾಡುತ್ತದೆ. ಕಡಿಮೆ ಹೊರೆಯಲ್ಲಿ ವರ್ಷಗಟ್ಟಲೆ ಇಟ್ಟಾಗ ಹರಳುಗಳ ಗಡಿಯಲ್ಲಿ ಗುಳಿ ಬೀಳಲು ಪುರುಸೊತ್ತು ಸಿಗುತ್ತದೆ, ಉಕ್ಕು ಹೆಚ್ಚು ಜಗ್ಗದೆಯೇ ಬಿಡುತ್ತದೆ, ಅದೇ ಸಿ-ಸ್ಟಾರ್ ಅಳತೆಗೆ ಬಿರುಕು ಹೆಚ್ಚು ವೇಗವಾಗಿ ಬೆಳೆಯುತ್ತದೆ. ಅವಸರದ ಪರೀಕ್ಷೆ ಕೊಡುವ ಭರವಸೆ ಸುಳ್ಳು ಭರವಸೆ. ಈ ಕಾರಣಕ್ಕೆ, ಪರೀಕ್ಷೆ ಹೇಗೆ ನಡೆಯಬೇಕು ಎಂಬ ನಿಯಮವನ್ನು ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ ಇ1457 ಎಂಬ ಅಂಕದಲ್ಲಿ ಪ್ರಕಟಿಸಿದೆ, ಎಲ್ಲ ದೇಶದವರೂ ಅದನ್ನು ನೋಡಿಕೊಂಡು ನಡೆಯುತ್ತಾರೆ. ಬೆಸುಗೆಯ ಮಗ್ಗುಲು ಇನ್ನೂ ನಾಜೂಕು. ಬ್ರಿಟನ್ನಿನ ಅನಿಲ ತಂಪಿನ ಅಣು ರಿಯಾಕ್ಟರುಗಳಲ್ಲಿ 316 ಜಾತಿಯ ಉಕ್ಕಿನ ಬೆಸುಗೆಗಳ ಪಕ್ಕದಲ್ಲಿ ಬಿರುಕು ಕಂಡ ಮೇಲೆ ಅಲ್ಲಿ ಈ ಪರೀಕ್ಷೆಗಳಿಗೆ ದೊಡ್ಡ ಬೆಲೆ ಬಂತು. ನಮ್ಮಲ್ಲಿ ಚೆನ್ನೈ ಬಳಿಯ ಕಲ್ಪಾಕ್ಕಂನ 500 ಮೆಗಾವಾಟ್ ವೇಗೋತ್ಪಾದಕ ರಿಯಾಕ್ಟರಿನಲ್ಲಿ ಕರಗಿದ ಸೋಡಿಯಂ ತುಂಬುವ ಪಾತ್ರೆ 316ಎಲ್‌ಎನ್ ಎಂಬ ಉಕ್ಕಿನದು, ಸೋಡಿಯಂ ಬಿಸಿ ಸುಮಾರು 547 ಡಿಗ್ರಿ. ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಕ್ರೀಪ್ ಪರೀಕ್ಷೆ ದೊಡ್ಡ ವಿಭಾಗವಾಗಿಯೇ ಬೆಳೆದಿದೆ. ಉಷ್ಣ ಸ್ಥಾವರಗಳ ದಪ್ಪ ಹಬೆ ಕೊಳವೆ ಹೆಚ್ಚಾಗಿ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನದು. ಬಾಯ್ಲರಿನ ಅತಿ ಬಿಸಿ ಕೊಳವೆಗಳಿಗೆ ಸ್ಟೇನ್‌ಲೆಸ್ ಬಳಸುತ್ತಾರೆ. ಲೆಕ್ಕದ ದಾರಿ ಎರಡಕ್ಕೂ ಒಂದೇ.

ಗ್ರಿಫಿತ್ ಇದನ್ನೆಲ್ಲ ನೋಡಲಿಲ್ಲ. 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1948ರಲ್ಲಿ ಸಿ.ಬಿ.ಇ. ಗೌರವ ಬಂತು. ಕೊನೆಯ ವರ್ಷಗಳಲ್ಲಿ ಅವರ ಮನಸ್ಸು ನೆಟ್ಟಗೆ ಮೇಲೇರುವ ವಿಮಾನದ ಕಡೆಗಿತ್ತು. ರೆಕ್ಕೆಯಿಲ್ಲದೆ, ಎರಡು ಜೆಟ್ ಎಂಜಿನ್ನುಗಳ ಬಲದ ಮೇಲೆಯೇ ನಿಲ್ಲುವ ಒಂದು ಕಬ್ಬಿಣದ ಚೌಕಟ್ಟು ಕಟ್ಟಿಸಿದರು. ಜನ ಅದಕ್ಕೆ ಹಾರುವ ಮಂಚ ಎಂದು ಹೆಸರಿಟ್ಟರು. 1954ರ ಆಗಸ್ಟ್ 3ರಂದು ಅದು ಹಗ್ಗದ ಕಟ್ಟಿಲ್ಲದೆ ನೆಲಬಿಟ್ಟು ಎದ್ದಿತು. 1960ರಲ್ಲಿ ನಿವೃತ್ತರಾದರು. 1963ರ ಅಕ್ಟೋಬರ್ 13ರಂದು, 70ನೇ ವಯಸ್ಸಿನಲ್ಲಿ ತೀರಿಕೊಂಡರು. ಬಿಸಿ ಉಕ್ಕಿನಲ್ಲಿ ತೆವಳುವ ಬಿರುಕಿಗೆ ಅವರ ಖಾತೆಯನ್ನು ಹೊಂದಿಸಲು ಇನ್ನೂ 13 ವರ್ಷ ಬೇಕಿತ್ತು.

ಶಕ್ತಿನಗರದಲ್ಲೋ, ಸೊಲ್ಲಾಪುರದಲ್ಲೋ, ಬೇರೆ ಯಾವುದೇ ಸ್ಥಾವರದ ಬಾಯ್ಲರ್ ವಿಭಾಗದಲ್ಲೋ, ಹೊಸೂರಿನ ಕಾರ್ಖಾನೆಗಳ ಪರೀಕ್ಷಾ ಕೊಠಡಿಗಳಲ್ಲೋ ದುಡಿದ ಸದಸ್ಯರು ನಮ್ಮಲ್ಲಿ ಹಲವರಿದ್ದೀರಿ. ಬೆಸುಗೆಯ ಬಿರುಕನ್ನು ನೀವು ಹೇಗೆ ಹುಡುಕುತ್ತಿದ್ದಿರಿ, ಅದಕ್ಕೆ ನಿಮ್ಮ ನಡುವೆ ಯಾವ ಕನ್ನಡ ಮಾತು ಬಳಕೆಯಲ್ಲಿತ್ತು ಎಂದು ನಾಲ್ಕು ಸಾಲು ಬರೆದು ಸಂಘಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನು ಒಟ್ಟಿಗೆ ಹಾಕುತ್ತೇವೆ.